ಡಿಪ್ರೈವ್ ಅಂದ್ರೆ ಕಸಿದುಕೊಳ್ಳುವುದು ತಾನೇ?

ನೀವು ಕೇಳಿದ್ದು ಇದು: ‘ದ ಡ್ಯಾಮ್ ಡಿಪ್ರೈವ್ಡ್ ಲ್ಯಾಂಡ್ ಫ್ರಮ್ ದ ಫಾರ್ಮರ್ಸ್’ ಅಂತ ಬರೆದೆ, ತಪ್ಪು ಅಂದರು, ಯಾಕೆ?

ನಾನು ಸಾಗರದಲ್ಲಿ ಪರೀಕ್ಷೆ ಕಟ್ಟುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ತಪ್ಪು ಎಲ್ಲರೂ ಮಾಡುತ್ತಾರೆ. ನಾವು ‘ರೈತರಿಂದ ಜಮೀನು ಕಸಿದುಕೊಂಡರು’ ಅನ್ನುತ್ತೇವಲ್ಲ, ಆ ‘ಇಂದ’ ಸೀದಾ ‘ಫ್ರಮ್’ ಆಗಿಬಿಡುತ್ತದೆ. ಆದರೆ ಡಿಪ್ರೈವ್‌ಗೆ ಕರ್ಮ ಜಮೀನಲ್ಲ, ರೈತ. ಕಳೆದುಕೊಂಡವರು ಮೊದಲು, ಆಮೇಲೆ ‘ಆಫ್’, ಕೊನೆಗೆ ಕಳೆದುಕೊಂಡದ್ದು: ‘ದ ಡ್ಯಾಮ್ ಡಿಪ್ರೈವ್ಡ್ ದ ಫಾರ್ಮರ್ಸ್ ಆಫ್ ದೇರ್ ಲ್ಯಾಂಡ್.’ ರಾಬ್ ಕೂಡ ಇದೇ ಜಾತಿ: ‘ರಾಬ್ಡ್ ಮಿ ಆಫ್ ಮೈ ಫೋನ್.’ ಸ್ಟೀಲ್ ಮಾತ್ರ ನಮ್ಮ ಕನ್ನಡದ ದಾರಿಯಲ್ಲೇ ಹೋಗುತ್ತದೆ: ‘ಸ್ಟೋಲ್ ಮೈ ಫೋನ್ ಫ್ರಮ್ ಮಿ.’

ಇನ್ನು ಅರ್ಥ. ‘ಕಸಿದುಕೊಳ್ಳು’ ಅನ್ನುವುದರಲ್ಲಿ ಒಂದು ‘ಕೊಳ್ಳು’ ಇದೆ ನೋಡಿ. ಕಸಿದವನ ಕೈಗೆ ಅದು ಸೇರಬೇಕು. ಡಿಪ್ರೈವ್‌ಗೆ ಆ ಹಂಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದರು. ಶರಾವತಿ ಹಿನ್ನೀರಲ್ಲಿ ಗದ್ದೆ, ತೋಟ, ಮನೆ ಎಲ್ಲ ಮುಳುಗಿದವು. ಆ ಗದ್ದೆಯನ್ನು ಇನ್ಯಾರೋ ಬಂದು ಉಳಲಿಲ್ಲ. ಆದರೂ ಅಲ್ಲಿಯವರು ಡಿಪ್ರೈವ್ಡ್ ಆದರು. ವಸ್ತು ಎಲ್ಲಿಗೆ ಹೋಯಿತು ಅನ್ನುವುದು ಈ ಕ್ರಿಯಾಪದಕ್ಕೆ ಬೇಕಿಲ್ಲ, ಯಾರಿಗೆ ಇಲ್ಲವಾಯಿತು ಅನ್ನುವುದಷ್ಟೇ ಬೇಕು. ನಿಮ್ಮ ವಾಕ್ಯಕ್ಕೆ ಇದು ಚೆನ್ನಾಗಿ ಹೊಂದುವುದೂ ಅದಕ್ಕೇ.

ಮೊದಲು ಕೈಯಲ್ಲಿ ಇದ್ದು ಹೋಗಿರಬೇಕು ಅಂತಲೂ ಇಲ್ಲ. ಸಿಗಬೇಕಾದದ್ದು ಸಿಗದಂತೆ ಮಾಡಿದರೂ ಡಿಪ್ರೈವೇ. ಇಲ್ಲೇ ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರಲ್ಲ, ಗೇಣಿ ಅಳೆಯುವ ಕೊಳಗ ದೊಡ್ಡದು ಅನ್ನುವುದು ಅವರ ದೊಡ್ಡ ತಕರಾರು. ಅದನ್ನು ‘ದೇ ವರ್ ಡಿಪ್ರೈವ್ಡ್ ಆಫ್ ದೇರ್ ಫೇರ್ ಶೇರ್’ ಅಂತ ಬರೆಯಬಹುದು. ಅದೇ ಜಾಗದಲ್ಲಿ ಡಿನೈ ಹಾಕಿದರೆ ‘ಆಫ್’ ಬೇಡ: ‘ವರ್ ಡಿನೈಡ್ ದೇರ್ ಫೇರ್ ಶೇರ್.’

ಹಾಗಂತ ಎಲ್ಲದಕ್ಕೂ ಇದನ್ನೇ ಹಾಕಬೇಡಿ. ಫಾರೆಸ್ಟಿನವರು ನಾಟಾ ಹಿಡಿದರೆ ಸೀಜ್. ಕ್ಲಾಸಲ್ಲಿ ಮೇಷ್ಟ್ರು ಮೊಬೈಲ್ ಇಟ್ಟುಕೊಂಡರೆ ಕಾನ್ಫಿಸ್ಕೇಟ್. ಸಂಬಳದಲ್ಲಿ ಮುರಿದುಕೊಂಡರೆ ಡಿಡಕ್ಟ್. ಡಿಪ್ರೈವ್ ಬರುವುದು ಹೆಚ್ಚಾಗಿ ಇಲ್ಲದಿದ್ದರೆ ಬದುಕು ಕಷ್ಟ ಅನ್ನುವಂಥದ್ದಕ್ಕೆ: ನಿದ್ದೆ, ಊಟ, ಆಕ್ಸಿಜನ್, ಹಕ್ಕು, ಸ್ವಾತಂತ್ರ್ಯ. ತಮಾಷೆಗೆ ‘ಐ ವೋಂಟ್ ಡಿಪ್ರೈವ್ ಯು ಆಫ್ ದ ಲಾಸ್ಟ್ ಕಡುಬು’ ಅಂದರೆ ನಡೆಯುತ್ತದೆ. ಮಳೆಗಾಲದಲ್ಲಿ ಬಿಸಿ ಕಡುಬಿಗೆ ಆ ಬೆಲೆ ಇದೆ ಬಿಡಿ.

ಕಾನೂನಿನಲ್ಲಂತೂ ಇದು ಜಾಸ್ತಿ ಸಿಗುತ್ತದೆ. ಸಂವಿಧಾನದ 21ನೇ ವಿಧಿ ಓದಿ: ‘ನೋ ಪರ್ಸನ್ ಶಲ್ ಬಿ ಡಿಪ್ರೈವ್ಡ್ ಆಫ್ ಹಿಸ್ ಲೈಫ್ ಆರ್ ಪರ್ಸನಲ್ ಲಿಬರ್ಟಿ...’ ಆಸ್ತಿಯ ಬಗ್ಗೆ 300ಎ ವಿಧಿಯೂ ಹೀಗೇ ಶುರುವಾಗುತ್ತದೆ. 1978ರ 44ನೇ ತಿದ್ದುಪಡಿಯಲ್ಲಿ ಆಸ್ತಿ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು ಈ ವಿಧಿ ಸೇರಿಸಿದರು. ಎರಡರಲ್ಲೂ ಕರ್ಮಣಿ ಪ್ರಯೋಗ, ಎರಡರಲ್ಲೂ ‘ಡಿಪ್ರೈವ್ಡ್ ಆಫ್’. ಬಾಯಿಪಾಠ ಮಾಡಿಟ್ಟುಕೊಳ್ಳಿ, ‘ಫ್ರಮ್’ ಹತ್ತಿರ ಸುಳಿಯುವುದಿಲ್ಲ.

ಪೇಪರಿನವರು ಬರೆಯುವ ‘ಸೌಲಭ್ಯ ವಂಚಿತರು’ ಇದಕ್ಕೆ ಸರಿಯಾದ ಕನ್ನಡವೇ. ಆದರೆ ‘ವಂಚಿಸು’ ಅಂದರೆ ಮೋಸ ಮಾಡುವುದು ಅಂತಲೂ ಆಗುತ್ತದೆ. ಇಂಗ್ಲಿಷಿನ ಡಿಪ್ರೈವ್‌ನಲ್ಲಿ ಮೋಸ ಇರಲೇಬೇಕು ಅಂತಿಲ್ಲ. ಕೋರ್ಟು ಕಾನೂನು ಪ್ರಕಾರವೇ ಒಬ್ಬನನ್ನು ಜೈಲಿಗೆ ಕಳಿಸಿದರೂ ಅವನು ‘ಡಿಪ್ರೈವ್ಡ್ ಆಫ್ ಲಿಬರ್ಟಿ’.

‘ಆಫ್’ ಇಲ್ಲದೆ ಒಂಟಿಯಾಗಿ ಬಂದರೆ ಅದು ವಿಶೇಷಣ. ‘ಎ ಡಿಪ್ರೈವ್ಡ್ ಚೈಲ್ಡ್’ ಅಂದರೆ ಬೇಕಾದ ಆಸರೆ, ಅನುಕೂಲ ಇಲ್ಲದೆ ಬೆಳೆದ ಮಗು. ‘ಸ್ಲೀಪ್ ಡಿಪ್ರೈವ್ಡ್’ ಅಂದರೆ ನಿದ್ದೆಗೆಟ್ಟವರು. ನಾಮಪದ ‘ಡಿಪ್ರಿವೇಶನ್’, ನಡುವೆ ‘ಪ್ರಿ’, ‘ಪ್ರೈ’ ಅಲ್ಲ.