ಆಮೆಗೆ ಸಿರಿಂಜಲ್ಲಿ ನೀರು ಕುಡಿಸ್ಬಹುದಾ?

ಪ್ರಶ್ನೆ: ನಾವು ಅರಿಜೋನಾದ ಫೀನಿಕ್ಸ್‌ನಲ್ಲಿದೀವಿ ಡಾಕ್ಟ್ರೇ, ಮಗಳು ಸಾಕಿರೋ ಸುಲ್ಕಾಟಾ ಅನ್ನೋ ನೆಲದ ಆಮೆ ಸರಿಯಾಗಿ ತಿಂತಿಲ್ಲ, ಕಣ್ಣು ಒಳಗೆ ಹೋಗಿದೆ, ಉಚ್ಚೆ ಜೊತೆ ಬಿಳಿ ಬಿಳಿ ಏನೋ ಮರಳಿನ ಥರ ಬರ್ತಿದೆ. ಸಿರಿಂಜಲ್ಲಿ ನೀರು ಕುಡಿಸ್ಲಾ?

ಉತ್ತರ: ಬೇಡಮ್ಮ, ಬಾಯಿಗೆ ನೀರು ಬಿಟ್ರೆ ಶ್ವಾಸಕೋಶಕ್ಕೆ ಹೋಗ್ಬಿಡಬಹುದು. ಆ ಬಿಳೀದು ಯೂರೇಟ್, ಅಂದ್ರೆ ಉಚ್ಚೆ ಜೊತೆ ಮೈಯಿಂದ ಹೊರಗೆ ಹೋಗೋ ಕಸ, ಅದು ಪೇಸ್ಟ್ ಥರ ಮೆತ್ತಗಿರ್ಬೇಕು, ಕೈಗೆ ಗರಗರ ಅಂತಿದ್ರೆ ಮೈಯಲ್ಲಿ ನೀರು ಸಾಲ್ತಿಲ್ಲ ಅಂತ, ಹಂಗೇ ಬಿಟ್ರೆ ಒಳಗೇ ಕಲ್ಲಾಗಬಹುದು. ಟಬ್ಬಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಗದ್ದಕ್ಕಿಂತ ಕೆಳಗೇ ಇರ್ಲಿ, ದಿನಾ 20-30 ನಿಮಿಷ ಕೂರ್ಸಿ, ತಣ್ಣಗಾದ್ರೆ ನೀರು ಬದಲಾಯ್ಸಿ, ಬೇಕನಿಸಿದ್ರೆ ಅದೇ ಕತ್ತು ಚಾಚಿ ಕುಡಿಯತ್ತೆ, ಆಮೇಲೆ ಒರೆಸಿ ಬೆಚ್ಚಗಿಡಿ. ಆದ್ರೆ ಕಣ್ಣು ಗುಳಿ ಬಿದ್ದಿದೆ ಅಂದ್ಮೇಲೆ ಇದೊಂದೇ ಸಾಲಲ್ಲ, ಸರೀಸೃಪ ನೋಡೋ ಪಶುವೈದ್ಯರ ಹತ್ರ ಇವತ್ತೇ ಕರ್ಕೊಂಡ್ಹೋಗಿ, ಮೂಗಲ್ಲಿ ಗಾಳಿಗುಳ್ಳೆ ಬರ್ತಿದ್ರೆ ಅದನ್ನೂ ಹೇಳಿ.