ಪ್ರತಿಕ್ರಿಯೆ: ಮಾವನವರ ಗಿರಣಿಯ ನೆನಪುಗಳ ಧ್ವನಿಮುದ್ರಣ

ಮುಂಬೈಯ ಪರೇಲಿನ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸಿದ ಮಾವನವರು 1982ರ ಗಿರಣಿ ಕಾರ್ಮಿಕರ ಮುಷ್ಕರದ ಹೊರತು ಬೇರೇನನ್ನೂ ಹೇಳುವುದಿಲ್ಲವೆಂದು ಬರೆದಿದ್ದೀರಿ. ನೀವು ಪ್ರಶ್ನೆಯನ್ನೇ ಅಲ್ಲಿಂದ ಆರಂಭಿಸುತ್ತಿರುವುದು ಇದಕ್ಕೆ ಕಾರಣವಿರಬೇಕು. ಮಗ್ಗದ ಸದ್ದಿನಲ್ಲಿ ದುಡಿದ ಹಲವರ ಕಿವಿ ಮಂದವಾಗಿರುತ್ತದೆ, ಅದೂ ಒಂದು ಕಾರಣವಿರಬಹುದು. ಆದ್ದರಿಂದ ಮೊದಲು ಫ್ಯಾನ್ ನಿಲ್ಲಿಸಿ, ಎದುರಿಗೆ ಕುಳಿತು ಕೇಳಿ. ಆ ಮುಷ್ಕರದ ನಾಯಕ ದತ್ತಾ ಸಾಮಂತರ ಹೆಸರನ್ನೇ ಎತ್ತದೆ, ಮಗ್ಗದಲ್ಲಿ ಅಡ್ಡನೂಲು ಒಯ್ಯುವ ಲಾಳಿಯ ಕಣ್ಣಿನಿಂದ ನೂಲನ್ನು ಬಾಯಿಂದ ಹೀರಿ ಎಳೆಯುತ್ತಿದ್ದರೇ, ಗೈರುಹಾಜರಾದವರ ಜಾಗಕ್ಕೆ ಬದಲಿ ಕೆಲಸಗಾರರಾಗಿ ಎಷ್ಟು ಕಾಲ ಗೇಟಿನ ಮುಂದೆ ಕಾದರು ಎಂದು ಕೈಕೆಲಸದಿಂದ ಆರಂಭಿಸಿ. ಆಮೇಲೆ ಅವರು ವಾಸವಿದ್ದ ಚಾಳ್‌ಗೆ, ಅಂದರೆ ಸಾಲು ಕೋಣೆಗಳ ವಠಾರಕ್ಕೆ ಬನ್ನಿ: ಒಂದೇ ಖೋಲಿಯಲ್ಲಿ ಪಾಳಿಯ ಪ್ರಕಾರ ಯಾರು ಯಾವಾಗ ಮಲಗುತ್ತಿದ್ದರು, ಊಟದ ಖಾನಾವಳಿ ಯಾರದು, ಕನ್ನಡ ರಾತ್ರಿಶಾಲೆಗೆ ಹೋಗಿದ್ದರೇ. (ಖಾನಾವಳಿಯ ಹೆಂಗಸರ ದುಡಿಮೆಯನ್ನು ಗಂಡಸರು ಮರೆಯುವುದೇ ಹೆಚ್ಚು, ಅತ್ತೆಯವರನ್ನೂ ಕೂರಿಸಿಕೊಳ್ಳಿ.) ಮುಷ್ಕರದ ಮಾತು ತಾನಾಗಿಯೇ ಬಂದರೆ ತಡೆಯಬೇಡಿ. ಧ್ವನಿ ಮುದ್ರಿಸಿದ ದಿನವೇ ದಿನಾಂಕ ಬರೆದು, ಇನ್ನೊಂದು ಪ್ರತಿ ಬೇರೆ ಕಡೆ ಇಡಿ.