ಓಡಿಸದೆ ನಿಂತ ಕಾರಿಗೆ ಬ್ಯಾಟರಿ ಮೇಂಟೇನರ್ ಬೇಕಾ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಸಾಕಾ?

ಕುಮಟಾದ ಮನೆಯಲ್ಲಿ ತಂದೆಯವರ ಕಾರು ನಿಂತೇ ಇರುತ್ತದೆ, ಭಾನುವಾರ ಪಕ್ಕದ ಮನೆಯ ಹುಡುಗ ಬಂದು ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟು ಹೋಗುತ್ತಾನೆ, ಆದರೂ ಬ್ಯಾಟರಿ ಎರಡು ವರ್ಷವೂ ಬಾಳುತ್ತಿಲ್ಲ ಎಂದು ಬರೆದಿದ್ದೀರಿ. ಮೇಂಟೇನರ್ (ಬ್ಯಾಟರಿಗೆ ಸದಾ ಜೋಡಿಸಿಡುವ ಸಣ್ಣ ಚಾರ್ಜರ್) ಕೊಳ್ಳಲೋ, ವಾರಕ್ಕೆ ಎರಡು ಸಲ ಸ್ಟಾರ್ಟ್ ಮಾಡಿಸಲೋ ಅಂತ ನಿಮ್ಮ ಪ್ರಶ್ನೆ. ಎರಡನೆಯದನ್ನು ಇವತ್ತೇ ತಲೆಯಿಂದ ತೆಗೆದುಹಾಕಿ. ಒಂದು ಸಲವೂ ಬೇಡ, ಎರಡು ಸಲವೂ ಬೇಡ. ಯಾಕೆ ಅಂತ ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ.

ನಮ್ಮದು ಕಾರವಾರ, ಕೋಡಿಬಾಗ. ಯಜಮಾನರಿಗೆ ಹಡಗಿನಲ್ಲಿ ಕೆಲಸ. ಒಮ್ಮೆ ಹತ್ತಿದರೆ ಆರು ತಿಂಗಳು ಮನೆ ಕಡೆ ಬರುವ ಹಾಗಿಲ್ಲ. ನಾನು ಶಾಲೆಗೆ ಹೋಗುವುದು ಸ್ಕೂಟರ್‌ನಲ್ಲಿ. ಕಾರು ಅಂಗಳದಲ್ಲಿ ತಗಡಿನ ಶೀಟಿನ ಕೆಳಗೆ ನಿಂತಿರುತ್ತದೆ. ಮದುವೆ ಮುಂಜಿ, ಅತ್ತೆಯವರ ಆಸ್ಪತ್ರೆ, ಇಷ್ಟಕ್ಕೆ ಮಾತ್ರ ಅದು ಗೇಟು ದಾಟುವುದು.

2024ರ ಮಳೆಗಾಲದಲ್ಲಿ ಅದಕ್ಕೂ ಅವಕಾಶ ಆಗಲಿಲ್ಲ. ಜುಲೈ 16ಕ್ಕೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಆ ಸಂಕಟ ಮುಗಿಯುವ ಮೊದಲೇ ಆಗಸ್ಟ್ 6ರ ನಡುರಾತ್ರಿ ಕಳೆದ ಮೇಲೆ ನಮ್ಮ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಅಂಕೋಲಾ ಕಡೆ ಹೋಗಲೂ ಹೆದರಿಕೆ, ಗೋವಾ ಕಡೆ ಹೋಗಲೂ ಹೆದರಿಕೆ. ಅಗತ್ಯ ಇಲ್ಲದೆ ಯಾರೂ ಗಾಡಿ ತೆಗೆಯುತ್ತಿರಲಿಲ್ಲ. ನಮ್ಮ ಕಾರೂ ನಿಂತೇ ಇತ್ತು. ಆದರೆ ನಾನು ಅದನ್ನು ಮರೆತಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಸ್ಟಾರ್ಟ್ ಮಾಡುತ್ತಿದ್ದೆ. ಎಲ್ಲರೂ ಅದನ್ನೇ ಹೇಳುತ್ತಾರಲ್ವಾ, "ನಿಂತ ಗಾಡಿಯನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಡಬೇಕು" ಅಂತ.

ನಾನು ಏನು ಮಾಡುತ್ತಿದ್ದೆ ಅನ್ನುವುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪಕ್ಕದ ಮನೆಯ ಹುಡುಗನೂ ಅದನ್ನೇ ಮಾಡುತ್ತಿರುತ್ತಾನೆ. ಕೀ ತಿರುಗಿಸುತ್ತಿದ್ದೆ, ಎಂಜಿನ್ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಸೀಟಿಗೆ ಬೂಷ್ಟು ಬರಬಾರದು ಅಂತ ಎ.ಸಿ. ಹಾಕುತ್ತಿದ್ದೆ. ಗಾಜಿನ ಮೇಲೆ ಎಲೆ ಬಿದ್ದಿದ್ದಕ್ಕೆ ವೈಪರ್. ಹಿಂದಿನ ಗಾಜಿನ ಮಂಜು ಹೋಗಲಿ ಅಂತ ಅದರ ಹೀಟರ್. ಲೈಟ್ ಸರಿ ಇದೆಯಾ ನೋಡಲು ಹೆಡ್‌ಲೈಟ್. ಹತ್ತು ನಿಮಿಷ ಬಿಟ್ಟು ಎಲ್ಲ ಆರಿಸಿ ಇಳಿಯುತ್ತಿದ್ದೆ.

ಈಗ ಲೆಕ್ಕ ನೋಡಿ. ಕಾರು ಲಾಕ್ ಮಾಡಿ ನಿಲ್ಲಿಸಿದರೂ ಅದರೊಳಗೆ ಗಡಿಯಾರ, ಅಲಾರಂ, ಎಂಜಿನ್ ಕಂಪ್ಯೂಟರ್‌ನ ನೆನಪು ಇವೆಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. 20ರಿಂದ 50 ಮಿಲಿ ಆಂಪಿಯರ್ ಎಳೆದರೆ ಅದು ಮಾಮೂಲು, ದೋಷ ಅಲ್ಲ. 30 ಅಂತ ಇಟ್ಟುಕೊಳ್ಳಿ. ದಿನಕ್ಕೆ 0.72 ಆಂಪಿಯರ್ ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ), ವಾರಕ್ಕೆ ಸುಮಾರು 5. ಸಣ್ಣ ಕಾರಿನ ಬ್ಯಾಟರಿಯಲ್ಲಿ ಇರುವುದೇ 35 ಆಂಪಿಯರ್ ಅವರ್ ಆಸುಪಾಸು. ವಾರದಲ್ಲಿ ಹೋದ ಆ 5ನ್ನು ಹತ್ತು ನಿಮಿಷದಲ್ಲಿ ತುಂಬಬೇಕೆಂದರೆ ಬ್ಯಾಟರಿಗೆ ಬಿಡದೆ 30 ಆಂಪಿಯರ್ ಹರಿಯಬೇಕು. ಅದು ಆಗುವ ಮಾತಲ್ಲ. ನಿಂತಲ್ಲೇ ನಿಧಾನಕ್ಕೆ ತಿರುಗುವ ಎಂಜಿನ್‌ನಲ್ಲಿ ಆಲ್ಟರ್ನೇಟರ್ (ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಭಾಗ) ಪೂರ್ತಿ ಕರೆಂಟ್ ಕೊಡುವುದಿಲ್ಲ. ಕೊಟ್ಟಿದ್ದರಲ್ಲಿ ದೊಡ್ಡ ಪಾಲನ್ನು ನಾನು ಹಾಕಿಟ್ಟ ಎ.ಸಿ. ಫ್ಯಾನ್, ಹೆಡ್‌ಲೈಟ್, ಹೀಟರ್ ತಿನ್ನುತ್ತಿದ್ದವು. ಉಳಿದದ್ದನ್ನೂ ಬ್ಯಾಟರಿ ಗಬಗಬ ಕುಡಿಯುವುದಿಲ್ಲ. ಅದು ನಿಧಾನವಾಗಿ ಗಂಟೆಗಟ್ಟಲೆ ತೆಗೆದುಕೊಳ್ಳುವ ವಸ್ತು. ಹಾಗಾಗಿ ಪ್ರತಿ ವಾರ ಹೋಗುವುದು ಜಾಸ್ತಿ, ಬರುವುದು ಕಡಿಮೆ. ಎರಡು ಮೂರು ತಿಂಗಳಲ್ಲಿ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಗೊತ್ತೇ ಆಗುವುದಿಲ್ಲ, ಏಕೆಂದರೆ ಅರ್ಧ ಬ್ಯಾಟರಿಯಲ್ಲೂ ಸೆಲ್ಫ್ ಎತ್ತುತ್ತದೆ. ಪ್ರತಿ ಭಾನುವಾರ ಎಂಜಿನ್ ಹಿಡಿದಾಗಲೂ ಬ್ಯಾಟರಿ ಚೆನ್ನಾಗಿದೆ ಎಂದೇ ನಾನು ತಿಳಿದಿದ್ದೆ.

ಎಂಜಿನ್‌ಗೂ ಒಳ್ಳೆಯದಲ್ಲ. ಹತ್ತು ನಿಮಿಷದಲ್ಲಿ ಆಯಿಲ್ ಸರಿಯಾಗಿ ಬಿಸಿಯಾಗುವುದಿಲ್ಲ, ಸೈಲೆನ್ಸರ್ ಒಳಗೆ ನೀರು ಕಟ್ಟಿಕೊಂಡು ತುಕ್ಕು ಹಿಡಿಯುತ್ತದೆ.

ಚೌತಿ ಕಳೆದ ಮೇಲೆ ಅತ್ತೆಯವರ ಕಣ್ಣಿನ ಆಪರೇಷನ್‌ಗೆ ಮಡಗಾಂವ್‌ನಲ್ಲಿ ದಿನ ಸಿಕ್ಕಿತ್ತು. ಬೆಳಿಗ್ಗೆ ಬೇಗ ಬರಬೇಕು, ಏನೂ ತಿಂದು ಬರಬಾರದು ಅಂದಿದ್ದರು. ಇನ್ನೂ ಕತ್ತಲಿತ್ತು. ಅತ್ತೆ ಸೀರೆ ಉಟ್ಟು, ಫೈಲ್ ಮಡಿಲಲ್ಲಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಕೀ ತಿರುಗಿಸಿದರೆ ಟಕ್ ಟಕ್ ಟಕ್ ಅಂತ ಸದ್ದು ಮಾತ್ರ. ಮೀಟರಿನ ದೀಪಗಳು ಮಂಕಾಗಿ ಆರಿಹೋದವು. ತಳ್ಳೋಣವೆಂದರೆ ನಮ್ಮ ಗೇಟಿನಿಂದ ರಸ್ತೆಗೆ ಏರು. ಎದುರು ಮನೆಯವರನ್ನು ಎಬ್ಬಿಸಿದೆ, ಅವರಲ್ಲಿ ಜಂಪರ್ ಕೇಬಲ್ ಇರಲಿಲ್ಲ. ಟ್ಯಾಕ್ಸಿ ಸಿಕ್ಕಿ ನಾವು ತಲುಪುವ ಹೊತ್ತಿಗೆ ಆ ದಿನದ ಆಪರೇಷನ್‌ಗಳು ಮುಗಿಯುತ್ತಾ ಬಂದಿದ್ದವು. ಮುಂದಿನ ದಿನ ಸಿಕ್ಕಿದ್ದು ದೀಪಾವಳಿ ಆದ ಮೇಲೆ. ಅಷ್ಟು ವಾರ ಅತ್ತೆಯವರು ಒಂದು ಕಣ್ಣಿನಲ್ಲೇ ಅಕ್ಕಿ ಆರಿಸುತ್ತಾ ಕುಳಿತಿದ್ದನ್ನು ನೋಡುವುದು ನನಗೆ ಕಷ್ಟವಾಯಿತು.

ಬ್ಯಾಟರಿ ಅಂಗಡಿಯವರು ಬಂದು ಆರೂ ಮುಚ್ಚಳ ತೆಗೆದು, ಆಸಿಡ್ ಎಷ್ಟು ದಟ್ಟವಾಗಿದೆ ಎಂದು ಅಳೆಯುವ ಹೈಡ್ರೋಮೀಟರ್ ಹಾಕಿದರು. ಗಾಜಿನ ನಳಿಗೆ, ಮೇಲೆ ರಬ್ಬರ್ ಗುಂಡು, ಒಳಗೆ ಮೂರು ಬಣ್ಣದ ಪಟ್ಟಿ ಇರುವ ಸಣ್ಣ ತೇಲುಬುರುಡೆ. ಚಾರ್ಜ್ ಇರುವ ಬ್ಯಾಟರಿಯ ಆಸಿಡ್‌ನಲ್ಲಿ ಅದು ಹಸಿರು ಪಟ್ಟಿಯವರೆಗೆ ಮೇಲೆ ತೇಲಬೇಕು, ಅಂದರೆ 1.26ರ ಮೇಲೆ. ನಮ್ಮದರಲ್ಲಿ ಕೆಂಪಿನ ತನಕ ಮುಳುಗಿತು. ಟಾರ್ಚ್ ಬಿಟ್ಟು ತೂತಿನೊಳಗೆ ನೋಡಲು ಹೇಳಿದರು. ಪ್ಲೇಟುಗಳ ಅಂಚಿಗೆ ಬೂದು ಬಿಳುಪಿನ ಪುಡಿ ಕಟ್ಟಿತ್ತು. ಸಲ್ಫೇಟ್ ಅಂದರೆ ಅದೇ. ಚಾರ್ಜ್ ಇಳಿದಾಗೆಲ್ಲ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ತಡ ಮಾಡದೆ ಚಾರ್ಜ್ ಮಾಡಿದರೆ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿಯಾಗಿ ಹರಳುಗಟ್ಟುತ್ತದೆ, ಆಮೇಲೆ ಕರಗುವುದಿಲ್ಲ. ಒಂದು ರಾತ್ರಿ ಅಂಗಡಿಯಲ್ಲಿ ಚಾರ್ಜ್‌ಗೆ ಇಟ್ಟರು. ಬೆಳಿಗ್ಗೆ ವೋಲ್ಟೇಜ್ ಚೆನ್ನಾಗಿ ಕಂಡರೂ ಲೋಡ್ ಕೊಟ್ಟ ಕೂಡಲೇ, ಅಂದರೆ ಜೋರಾಗಿ ಕರೆಂಟ್ ಎಳೆದ ಕೂಡಲೇ, ಕುಸಿಯಿತು. ವಾರಂಟಿ ಇದೆಯಲ್ಲ ಅಂತ ಕೇಳಿದೆ. ಚಾರ್ಜ್ ಇಲ್ಲದೆ ಇಟ್ಟು ಕೆಟ್ಟದ್ದು ತಯಾರಿಕೆಯ ದೋಷ ಅಲ್ಲ ಅಂದರು. ಅವರು ಹೇಳಿದ್ದು ಸರಿಯೇ. 4,500 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ.

ರಾತ್ರಿ ಯಜಮಾನರಿಗೆ ಫೋನ್ ಮಾಡಿದಾಗ ಅವರು ಹೇಳಿದ ಮಾತು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಹಡಗಿನ ಎಮರ್ಜೆನ್ಸಿ ಜನರೇಟರ್ ಓಡುವುದು ಯಾವಾಗಲೋ ಒಮ್ಮೆ. ಆದರೆ ಅದನ್ನು ಸ್ಟಾರ್ಟ್ ಮಾಡುವ ಬ್ಯಾಟರಿ ವರ್ಷವಿಡೀ ಚಾರ್ಜರ್‌ಗೆ ಜೋಡಿಸಿಯೇ ಇರುತ್ತದೆ. ಬ್ಯಾಟರಿ ಕೆಲಸವಿಲ್ಲದೆ ನಿಂತರೆ ಕೆಡುವುದಿಲ್ಲ, ಅರೆಹೊಟ್ಟೆಯಲ್ಲಿ ನಿಂತರೆ ಕೆಡುತ್ತದೆ ಅಂದರು.

ಮೇಂಟೇನರ್ ಮಾಡುವುದೂ ಅದೇ ಕೆಲಸ. ಮೊದಲು 14.4 ವೋಲ್ಟ್ ಆಸುಪಾಸಿಗೆ ಏರಿಸಿ ಬ್ಯಾಟರಿ ತುಂಬಿಸುತ್ತದೆ. ತುಂಬಿದ ಮೇಲೆ ತಾನೇ 13.2ರಿಂದ 13.8ರ ನಡುವೆ ಇಳಿದು, ಸೋರಿದಷ್ಟನ್ನು ಮಾತ್ರ ತುಂಬುತ್ತಾ ಕೂರುತ್ತದೆ. ಆಗ ಅದು ಎಳೆಯುವುದು ಕೆಲವೇ ವಾಟ್, ಕರೆಂಟ್ ಬಿಲ್‌ನಲ್ಲಿ ಕಾಣುವುದೇ ಇಲ್ಲ. 24 ಗಂಟೆ ಹಾಕಿಟ್ಟರೆ ಅಪಾಯ ಇಲ್ವಾ ಅಂತಲೂ ಕೇಳಿದ್ದೀರಿ. ಮೇಂಟೇನರ್ ಆದರೆ ಇಲ್ಲ. ಆದರೆ ಗ್ಯಾರೇಜ್‌ನಲ್ಲಿ ಇರುತ್ತದಲ್ಲ, ಟ್ರಾನ್ಸ್‌ಫಾರ್ಮರ್ ಇರುವ ಭಾರದ ಹಳೇ ಚಾರ್ಜರ್, ಅದನ್ನು ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆಂದರೂ ತರಬೇಡಿ. ಅದಕ್ಕೆ ನಿಲ್ಲಿಸುವುದು ಗೊತ್ತಿಲ್ಲ. ಬ್ಯಾಟರಿ ತುಂಬಿದ ಮೇಲೂ ತಳ್ಳುತ್ತಲೇ ಇರುತ್ತದೆ, ನೀರು ಕುದಿದಂತೆ ಗುಳ್ಳೆ ಎದ್ದು ಕಡಿಮೆಯಾಗುತ್ತದೆ, ಹೈಡ್ರೋಜನ್ ಗ್ಯಾಸ್ ಏಳುತ್ತದೆ. ಹೆಸರಿನಲ್ಲಿ ಟ್ರಿಕಲ್ ಚಾರ್ಜರ್ ಅಂತ ಇದ್ದರೂ ಡಬ್ಬಿಯ ಮೇಲೆ ಫ್ಲೋಟ್ ಅಥವಾ ಮೇಂಟೆನೆನ್ಸ್ ಮೋಡ್, ಅಂದರೆ ತುಂಬಿದ ಮೇಲೆ ತಾನೇ ಇಳಿಯುವ ಗುಣ, ಇದೆಯಾ ನೋಡಿ. ಇಲ್ಲದಿದ್ದರೆ ಬೇಡ. ನಮ್ಮ ಕರಾವಳಿಯ ಸೆಖೆಗೆ ತಾಪಮಾನ ನೋಡಿ ವೋಲ್ಟೇಜ್ ತಗ್ಗಿಸುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ಕಾರಿಗೆ 1 ಆಂಪಿಯರ್‌ನದೇ ಸಾಕು, ದೊಡ್ಡದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ನಮ್ಮ ಕಡೆಯವರು ಮುಖ್ಯವಾಗಿ ನೋಡಬೇಕಾದ ಇನ್ನೊಂದು ಸಂಗತಿ ಇದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ದಿನದ ಮಾತು. ಕೆಲವು ಮೇಂಟೇನರ್‌ಗಳು ಕರೆಂಟ್ ಬಂದ ಕೂಡಲೇ ಮತ್ತೆ ಕೆಲಸ ಶುರು ಮಾಡುತ್ತವೆ. ಇನ್ನು ಕೆಲವು ಬಟನ್ ಒತ್ತುವವರೆಗೆ ಸುಮ್ಮನೆ ಕುಳಿತಿರುತ್ತವೆ. ಅಂಥದ್ದನ್ನು ತಂದರೆ ಪ್ಲಗ್ ಹಾಕಿದೆ ಅನ್ನುವ ಧೈರ್ಯದಲ್ಲಿ ತಂದೆಯವರು ಇರುತ್ತಾರೆ, ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ಕೊಳ್ಳುವಾಗಲೇ ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿ. ಜೋರು ಗುಡುಗು ಸಿಡಿಲು ಇರುವ ದಿನ ಪ್ಲಗ್ ತೆಗೆದಿಡಲು ಹೇಳಿ. ಒಂದೆರಡು ದಿನ ತೆಗೆದರೆ ಬ್ಯಾಟರಿಗೆ ಏನೂ ಆಗುವುದಿಲ್ಲ. ಡಬ್ಬಿಯನ್ನು ಇರಿಚಲು ಬಡಿಯದ ಕಡೆ ಇಡಿ.

ಜೋಡಿಸುವಾಗ ಮೊದಲು ಕೆಂಪು ಕ್ಲಿಪ್ ಪ್ಲಸ್‌ಗೆ, ಆಮೇಲೆ ಕಪ್ಪು ಕ್ಲಿಪ್ ಬ್ಯಾಟರಿಯಿಂದ ದೂರ ಬಣ್ಣ ಇಲ್ಲದ ಕಬ್ಬಿಣಕ್ಕೆ, ಕೊನೆಗೆ ಗೋಡೆಯ ಸ್ವಿಚ್. ತೆಗೆಯುವಾಗ ಇದರ ಉಲ್ಟಾ. ನಾನು ಮೇಂಟೇನರ್ ಜೊತೆ ಬರುವ ರಿಂಗ್ ಇರುವ ವಯರನ್ನು ಬ್ಯಾಟರಿಗೆ ಕಾಯಂ ಬಿಗಿಸಿ, ಅದರ ಸಾಕೆಟ್ ತುದಿಯನ್ನು ಬಾನೆಟ್ ಅಂಚಿಗೆ ತಂದಿದ್ದೇನೆ. ಈಗ ಅತ್ತೆಯವರೇ ಪ್ಲಗ್ ಹಾಕಿ ತೆಗೆಯುತ್ತಾರೆ. ಬಾನೆಟ್ ಎತ್ತುವ ನೆಪದಲ್ಲಿ ಟರ್ಮಿನಲ್ ಕಡೆ ಕಣ್ಣು ಹಾಯಿಸಿ. ನಮ್ಮ ಉಪ್ಪುಗಾಳಿಗೆ ಅಲ್ಲಿ ಹಸಿರು ಬಿಳಿ ಕಿಲುಬು ಬೇಗ ಬರುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ವ್ಯಾಸಲೀನ್ ಹಚ್ಚಿ. ಇಲಿ ಗೂಡು ಕಟ್ಟಿದೆಯಾ ಅಂತಲೂ ನೋಡಿ. ನಮ್ಮಲ್ಲಿ ಒಮ್ಮೆ ಏರ್ ಫಿಲ್ಟರ್ ಪಕ್ಕ ತೆಂಗಿನ ನಾರಿನ ರಾಶಿಯೇ ಸಿಕ್ಕಿತ್ತು.

ತಂದೆ ತಾಯಿ ಬೆಂಗಳೂರಿಗೆ ಬಂದು ತಿಂಗಳುಗಟ್ಟಲೆ ಉಳಿಯುತ್ತಾರೆ ಅಂತಲೂ ಬರೆದಿದ್ದೀರಿ. ಆಗ ಬೀಗ ಹಾಕಿದ ಮನೆಯಲ್ಲಿ ಯಾವ ಚಾರ್ಜರೂ ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಹೊರಡುವ ಮೊದಲು ಪೂರ್ತಿ ಚಾರ್ಜ್ ಮಾಡಿ, 10 ನಂಬರ್ ಸ್ಪ್ಯಾನರ್‌ನಿಂದ ಮೈನಸ್ ಟರ್ಮಿನಲ್ ಬಿಚ್ಚಿ, ಬಟ್ಟೆ ಸುತ್ತಿ ಪಕ್ಕಕ್ಕೆ ಇಡಿ. ಗಡಿಯಾರ, ರೇಡಿಯೋ ಸೆಟ್ಟಿಂಗ್ ಹೋಗುತ್ತವೆ, ಹೋಗಲಿ. ಬಿಚ್ಚಿಟ್ಟ ಒಳ್ಳೆಯ ಬ್ಯಾಟರಿಯೂ ತಿಂಗಳಿಗೆ ಸ್ವಲ್ಪ ಸ್ವಲ್ಪ ತಾನೇ ಇಳಿಯುತ್ತದೆ, ಸೆಖೆಯಲ್ಲಿ ಇನ್ನೂ ಬೇಗ. ಆದರೂ ಎರಡು ಮೂರು ತಿಂಗಳು ತಡೆಯುತ್ತದೆ. ಅವರು ಊರಿನಲ್ಲಿರುವಾಗ, ಆ ಹುಡುಗನಿಗೆ ಕಾರು ಓಡಿಸಲು ಬರುತ್ತದೆ, ತಂದೆಯವರೂ ಜೊತೆಗೆ ಕೂರುತ್ತಾರೆ ಅಂದರೆ ಹದಿನೈದು ದಿನಕ್ಕೊಮ್ಮೆ ಗೋಕರ್ಣಕ್ಕೆ ಹೋಗಿ ಬರಲಿ. ಅದು ಓಟ. ಟಯರ್‌ಗೂ ಬ್ರೇಕ್‌ಗೂ ಒಳ್ಳೆಯದು. ಅಂಗಳದಲ್ಲಿ ನಿಂತು ಗುರ್ ಅನ್ನಿಸುವುದು ಓಟ ಅಲ್ಲ.

ಮೇಂಟೇನರ್‌ಗೆ ದುಡ್ಡು ಹಾಕುವ ಮೊದಲು ಕುಮಟಾದಲ್ಲೇ ಯಾವುದಾದರೂ ಬ್ಯಾಟರಿ ಅಂಗಡಿಯಲ್ಲಿ ಈಗಿನ ಬ್ಯಾಟರಿಗೆ ಲೋಡ್ ಟೆಸ್ಟ್ ಮಾಡಿಸಿ. ರಾತ್ರಿಯಿಡೀ ಕಾರು ಮುಟ್ಟದೆ, ಬೆಳಿಗ್ಗೆ ಮಲ್ಟಿಮೀಟರ್ ಇಟ್ಟರೆ 12.6 ಬಂದರೆ ತುಂಬಿದೆ, 12.2 ಅಂದರೆ ಅರ್ಧ, 12 ಅಂದರೆ ತಳ ಕಾಣುತ್ತಿದೆ. ಸಲ್ಫೇಟ್ ಗಟ್ಟಿಯಾದ ಬ್ಯಾಟರಿಯನ್ನು ಮೇಂಟೇನರ್ ಬದುಕಿಸುವುದಿಲ್ಲ. ತೀರಾ ಇಳಿದಿದ್ದರೆ ಎಷ್ಟೋ ಮೇಂಟೇನರ್‌ಗಳು ಅದನ್ನು ಬ್ಯಾಟರಿ ಅಂತಲೇ ಗುರುತಿಸುವುದಿಲ್ಲ, ಕೆಂಪು ದೀಪ ತೋರಿಸಿ ನಿಂತುಬಿಡುತ್ತವೆ. ಹಾಗಿದ್ದರೆ ಹೊಸ ಬ್ಯಾಟರಿ ಹಾಕಿಸಿ, ಹಳೆಯದನ್ನು ಅಂಗಡಿಗೇ ಕೊಟ್ಟು ಅದರ ಬೆಲೆಯನ್ನು ಹೊಸದರ ಬೆಲೆಯಲ್ಲಿ ಕಳೆಯಲು ಹೇಳಿ, ಮೇಂಟೇನರನ್ನು ಹೊಸದಕ್ಕೆ ಮೊದಲ ದಿನದಿಂದಲೇ ಜೋಡಿಸಿ. ಮತ್ತೆ ಆ ಹುಡುಗನಿಗೆ ಈ ಭಾನುವಾರದಿಂದಲೇ ಬರೀ ಸ್ಟಾರ್ಟ್ ಮಾಡಿಡಲು ಬರಬೇಡ ಅಂತ ಹೇಳಿ.